ಇಪ್ಪತ್ತೈದನೆಯ ಹೆಸರು

2013 ಸೆಪ್ಟೆಂಬರ್ 6, ಶುಕ್ರವಾರ. ಹುಫೂಫ್, ಸೌದಿ ಅರೇಬಿಯಾ

ಮನೆಯವಳು ಮಗಳ ಕಾಲೇಜಿಗೆಂದು ಊರಿಗೆ ಮರಳಿ ನಾಲ್ಕು ತಿಂಗಳಾಯಿತು. ಮಾತನಾಡಲು ಯಾರೂ ಇಲ್ಲದೆ ಗೋದಾಮಿನ ಖರ್ಜೂರದ ಪೆಟ್ಟಿಗೆಗಳೊಡನೆ ಮಾತನಾಡುವ ಹಂತಕ್ಕೆ ಬಂದಿದ್ದೇನೆ. ಅದಕ್ಕಿಂತ ಬರೆಯುವುದು ಮೇಲು. ಇವತ್ತು ಬರೆಯಲು ಕಾರಣವೂ ಇದೆ.

ಬೆಳಿಗ್ಗೆ ಎಂದಿನಂತೆ ನೋಣಯಣ್ಣನ ಫ್ಲ್ಯಾಟಿನಲ್ಲಿ ಪ್ರಾರ್ಥನೆ. ಈ ದೇಶದಲ್ಲಿ ನಮ್ಮಂಥವರು ಸೇರಿ ಪ್ರಾರ್ಥಿಸುವಂತಿಲ್ಲ, ಅದಕ್ಕೇ ಒಬ್ಬೊಬ್ಬರಾಗಿ ಹತ್ತು ನಿಮಿಷ ಬಿಟ್ಟು ಬಿಟ್ಟು ಬಂದೆವು, ಚಪ್ಪಲಿಗಳನ್ನು ಒಳಗೆ ತಂದಿಟ್ಟೆವು. ನೋಣಯಣ್ಣ ಎ.ಸಿ. ರಿಪೇರಿಯವರು, ಆದರೂ ತಮ್ಮ ಕೋಣೆಯ ಹಳೆಯ ಎ.ಸಿ.ಯನ್ನು ಬೇಕೆಂದೇ ಸರಿಪಡಿಸದೆ ಬಿಟ್ಟಿದ್ದಾರೆ. ಅದರ ಗದ್ದಲದ ಕೆಳಗೆ ನಾವು ಹಾಡುತ್ತೇವೆ. ಇಪ್ಪತ್ತೆರಡು ವರ್ಷದಿಂದ ಅವರು ಈ ಕೋಣೆಯನ್ನು ಹೀಗೆ ಕಾಪಾಡಿಕೊಂಡು ಬಂದಿದ್ದಾರೆ. ಇವತ್ತು ಹತ್ತೊಂಬತ್ತು ಮಂದಿ ಇದ್ದೆವು. ನರ್ಸ್ ಸಿಂಚನಾ ಹಾಡಿದಳು. ಆ ಹುಡುಗಿ ದನಿ ಎತ್ತದೆ ಹಾಡಿದರೂ ಎದೆಯೊಳಗೆ ಎಲ್ಲೋ ಹೋಗಿ ಮುಟ್ಟುತ್ತದೆ. ಆಮೇಲೆ ನೋಣಯಣ್ಣ ಅಕ್ಕಿತರಿಯ ಪುಂಡಿ ಬೇಯಿಸಿದ್ದರು. ತೆಂಗಿನಕಾಯಿ ಸಿಕ್ಕಿರಲಿಲ್ಲವಂತೆ, ಒಣಪುಡಿ ಹಾಕಿದ್ದರು. ನಾಲ್ಕು ತಿಂದೆ.

ತಿನ್ನುತ್ತಿರುವಾಗ ಸುದ್ದಿ ಬಂತು. ಸಭಾಪಾಲಕಿ ರತ್ನಪ್ರಭಾ ನಮ್ಮ ಮುಕ್ತ ಸಭೆಯ ಅಧ್ಯಕ್ಷಸ್ಥಾನಕ್ಕೆ ನಿಲ್ಲುತ್ತಾರಂತೆ. ಇದುವರೆಗೆ ಹೆಂಗಸರು ಯಾರೂ ನಿಂತದ್ದಿಲ್ಲ.

ನನ್ನ ತಮ್ಮ ಬಾವಿಗೆ ಹಾರಿ ಸತ್ತ ದಿನ ನೆನಪಾಯಿತು. ತಾನಾಗಿ ಪ್ರಾಣ ಕಳೆದುಕೊಂಡವನಿಗೆ ಸಭೆಯ ಸ್ಮಶಾನದಲ್ಲಿ ಜಾಗವಿಲ್ಲವೆಂದು ಹಿರಿಯರು ಗೇಟಿಗೆ ಬೀಗ ಹಾಕಿಸಿದ್ದರು. ಆಗ ರತ್ನಕ್ಕ ತೀರಾ ಕಿರಿಯ ಪಾಲಕಿ. ಬಿಸಿಲಲ್ಲಿ ಆಂಬುಲೆನ್ಸಿನ ಪಕ್ಕ ಮೂರು ಗಂಟೆ ನಿಂತರು. "ಇವನನ್ನು ಒಳಗೆ ಬಿಡದಿದ್ದರೆ ನನ್ನನ್ನೂ ಇನ್ನು ಒಳಗೆ ಕರೆಯಬೇಡಿ" ಎಂದರು. ಕೊನೆಗೆ ಬೀಗ ತೆಗೆದರು. ಅವರಿಗಾಗಿ ನಾನು ಏನನ್ನಾದರೂ ಮಾಡಬೇಕು.

ಸೆಪ್ಟೆಂಬರ್ 10

ಕೆಲಸ ಮುಗಿಸಿ ಹಸನ್ ಕುಂಞಿಯ ಅಂಗಡಿಗೆ ಹೋದೆ. ನೋಣಯಣ್ಣನ ಕಟ್ಟಡದ ಕೆಳಗಿನ ಬಖಾಲಾ ಅವರದು, ಉಪ್ಪಿನಂಗಡಿಯ ಬ್ಯಾರಿ. ಶುಕ್ರವಾರ ಮೇಲೆ ಏನು ನಡೆಯುತ್ತದೆಂದು ಅವರಿಗೆ ಗೊತ್ತು. ಇಷ್ಟು ವರ್ಷ ಒಂದು ಮಾತು ಕೇಳಿದವರಲ್ಲ. ಇವತ್ತು ನಾನೇ ಖುಷಿಯಲ್ಲಿ ಬಾಯಿಬಿಟ್ಟೆ.

"ನಿಮ್ಮದು ಎಂತ ಸಭೆ ಮಾರಾಯ್ರೆ? ಇಗರ್ಜಿಯಾ? ಹೆಸರು ನೋಡಿದ್ರೆ ಮಹಾಲಿಂಗ, ನೋಣಯ!" ಎಂದು ನಕ್ಕರು.

ಹೇಳಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಂಚಿನ ಕಾರ್ಖಾನೆಯ ಕೆಲಸಗಾರರು ಮಿಶನ್ನಿನಿಂದ ಹೊರಬಂದು ಕಟ್ಟಿಕೊಂಡದ್ದು. ವೇದಪುಸ್ತಕ ಓದುತ್ತೇವೆ, ಆದರೆ ಇಂಥದ್ದನ್ನು ನಂಬುತ್ತೇನೆಂದು ಯಾರಿಂದಲೂ ಬಾಯಿಪಾಠ ಹೇಳಿಸುವುದಿಲ್ಲ. ಹೆಸರು ಬದಲಿಸುವುದಿಲ್ಲ. ಗಂಡ ಒಂದು ಧರ್ಮ, ಹೆಂಡತಿ ಇನ್ನೊಂದು ಆದರೂ ಇಬ್ಬರಿಗೂ ಜಾಗವುಂಟು. ಈಗ ಸಭೆಯ ಕಾರ್ಯದರ್ಶಿಗಳು ರತ್ನಕ್ಕನ ಎದುರು ನಿಂತಿದ್ದಾರೆ. ಅವರು ಗೆದ್ದರೆ ಎಲ್ಲರೂ ನಂಬಿಕೆಯ ಪತ್ರಕ್ಕೆ ಸಹಿ ಹಾಕಬೇಕು, ಬೇರೆ ಧರ್ಮದವರನ್ನು ಮದುವೆಯಾದ ಮನೆಗಳ ಹೆಸರನ್ನು ಪುಸ್ತಕದಿಂದ ತೆಗೆಯುತ್ತಾರೆ, ಹೆಂಗಸರು ಇನ್ನು ಬೋಧನೆ ಮಾಡುವಂತಿಲ್ಲ.

"ಅಂದ್ರೆ ಓಟು ಉಂಟು" ಎಂದರು ಹಸನ್ ಕುಂಞಿ. "ನಮ್ಮ ಊರಿನ ಮಸೀದಿ ಕಮಿಟಿಯ ಓಟಿಗೆ ನಿಂತು ನಾನೂ ಅಣ್ಣನೂ ಮಾತು ಬಿಟ್ಟು ಆರು ವರ್ಷ ಆಯ್ತು. ಯಾರು ಗೆದ್ದದ್ದು ಅಂತ ಈಗ ನೆನಪು ಸಹ ಇಲ್ಲ. ಜಾಗ್ರತೆ ಆಯ್ತಾ."

ಸೆಪ್ಟೆಂಬರ್ 20, ಶುಕ್ರವಾರ

ನಿನ್ನೆ ಮಂಗಳೂರಿನಿಂದ ರೋಹನ್ ಫೋನ್ ಮಾಡಿದ್ದ. ವಕೀಲ, ರತ್ನಕ್ಕನ ಪರವಾಗಿ ಓಡಾಡುತ್ತಿರುವವನು. ಹೊರದೇಶದ ಪ್ರಾರ್ಥನಾ ಗುಂಪುಗಳಿಗೆ ಈ ಸಲದಿಂದ ಒಂದೊಂದು ಮತ ಕೊಟ್ಟಿದ್ದಾರಂತೆ. "ಸಂಚಾಲಕರು ನೀವು, ನಿಮ್ಮನ್ನು ಬಿಟ್ಟು ಇಪ್ಪತ್ತೈದು ಜನ ಬೇಕು ಮಹಾಲಿಂಗಣ್ಣ. ಹೆಸರು, ಕೆಲಸದ ಜಾಗ, ಸಹಿ. ನವೆಂಬರ್ ಮೂವತ್ತರ ಒಳಗೆ. ದುಬೈ ಅವರ ಕಡೆಗೆ ಹೋಯ್ತು. ನಿಮ್ಮದು ಸಿಕ್ಕಿದ್ರೆ ಸಮ ಆಗ್ತದೆ."

ಇವತ್ತು ಪ್ರಾರ್ಥನೆ ಮುಗಿದ ಮೇಲೆ ವಿಷಯ ಎತ್ತಿದೆ.

"ಹೆಸರು ಬರೆದು ಕೊಡುದಾ?" ಎಂದರು ನೋಣಯಣ್ಣ. "ಈ ಕೋಣೆಯಲ್ಲಿ ಇಷ್ಟು ವರ್ಷದಲ್ಲಿ ಒಂದು ಚೀಟಿ ಬರೆದದ್ದಿಲ್ಲ ನಾನು. ಹಾಡಿನ ಪುಸ್ತಕ ಸಹ ಇಟ್ಟಿಲ್ಲ. ಎಲ್ಲ ಬಾಯಲ್ಲೇ. ಅದಕ್ಕೇ ನಾವು ಇನ್ನೂ ಇಲ್ಲಿ ಕೂತಿರುದು."

"ಊರಿಗೆ ಹೋಗುವ ಕಾಗದ ನೋಣಯಣ್ಣ. ಕಮಿಟಿಯ ಮೂವರು ನೋಡಿ ಕಪಾಟಿನಲ್ಲಿ ಇಡುತ್ತಾರೆ."

ಯಾರೂ ಪೆನ್ನು ಮುಟ್ಟಲಿಲ್ಲ. ಆಗ ತಮ್ಮನ ವಿಷಯ ಹೇಳಿದೆ. ಇಲ್ಲಿ ಯಾರಿಗೂ ಹೇಳಿರಲಿಲ್ಲ, ಇಪ್ಪತ್ತು ವರ್ಷ ಹಾರ್ಟ್ ಅಟ್ಯಾಕ್ ಎಂದೇ ಹೇಳಿಕೊಂಡು ಬಂದಿದ್ದೆ. ಬಾವಿ, ಬೀಗ, ಬಿಸಿಲು, ರತ್ನಕ್ಕ ನಿಂತದ್ದು, ಎಲ್ಲ ಹೇಳುವಷ್ಟರಲ್ಲಿ ದನಿ ಒಡೆಯಿತು. ನೋಣಯಣ್ಣ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಪೆನ್ನು ಕೇಳಿದರು.

"ನಿನ್ನ ಮುಖ ನೋಡಿ ಹಾಕುದು ಮಾರಾಯ. ಓಟಿಗಾಗಿ ಅಲ್ಲ."

ಮೊದಲ ಹೆಸರು ಅವರದು. ಅವರು ಹಾಕಿದ್ದನ್ನು ನೋಡಿ ಮತ್ತೆ ಆರು ಮಂದಿ ಹಾಕಿದರು. ಮನೆಗೆ ಬಂದು ತುಂಬಾ ಹೊತ್ತು ತಮ್ಮನ ಫೋಟೋ ನೋಡುತ್ತಾ ಕುಳಿತಿದ್ದೆ.

ಅಕ್ಟೋಬರ್ 4, ಶುಕ್ರವಾರ

ಹದಿನೇಳು. ತಮ್ಮನ ಕಥೆಯನ್ನು ಇನ್ನೂ ಮೂರು ಮನೆಗಳಲ್ಲಿ ಹೇಳಿದೆ. ಹೇಳಿದಲ್ಲೆಲ್ಲ ಸಹಿ ಬಿತ್ತು.

ಅಕ್ಟೋಬರ್ 18, ಶುಕ್ರವಾರ

ಈದ್ ರಜೆಯಲ್ಲಿ ಊರಿಗೆ ಹೋಗಲಿಲ್ಲ. ಮನೆಯವಳು ಬೇಜಾರು ಮಾಡಿಕೊಂಡಳು. ಚುನಾವಣೆ ಮುಗಿಯಲಿ ಎಂದೆ. ಅಬ್ಕೈಕ್‌ಗೆ ಹೋಗಿ ಬಂದೆ, ಅಲ್ಲಿ ಆರು ಸಿಕ್ಕಿತು. ಜಿಜಾನ್ ಬಂದರಿನಲ್ಲಿ ಕ್ರೇನ್ ಓಡಿಸುವ ಶೇಖರ ಒಬ್ಬನೇ ಕೋಣೆಯಲ್ಲಿ ಪ್ರಾರ್ಥನೆ ಮಾಡಿಕೊಂಡಿರುವವನು. ಅವನು ಸಹಿ ಮಾಡಿದ ಕಾಗದದ ಫೋಟೋ ತೆಗೆದು ಕಳಿಸಿದ. ಈಗ ಇಪ್ಪತ್ನಾಲ್ಕು.

ಉಳಿದದ್ದು ಸಿಂಚನಾ. ಅವಳದು ಸುಲಭವೆಂದು ತಿಳಿದಿದ್ದೆ. ಅವಳ ತಾಯಿ ಪುತ್ತೂರಿನ ಹಿಂದೂ ಮನೆಯವರು, ಮೂವತ್ತು ವರ್ಷದಿಂದ ಗಂಡನೊಡನೆ ನಮ್ಮ ಸಭೆಗೆ ಬರುತ್ತಿರುವವರು. ಕಾರ್ಯದರ್ಶಿಗಳು ಗೆದ್ದರೆ ಮೊದಲು ಹೋಗುವುದು ಅಂಥವರ ಹೆಸರೇ. ಇವತ್ತು ಪ್ರಾರ್ಥನೆಯ ನಂತರ ಅವಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಅದನ್ನೇ ಹೇಳಿದೆ.

"ಗೊತ್ತುಂಟು ಮಹಾಲಿಂಗಣ್ಣ" ಎಂದಳು. "ಅಮ್ಮನ ಹೆಸರು ತೆಗೆದ್ರೆ ಅಮ್ಮ ಹೊರಗಿನ ಬೆಂಚಿನಲ್ಲಿ ಕೂತು ಕೇಳ್ತಾರೆ. ಈಗ ಸಹ ಅಲ್ಲೇ ಕೂರುದು ಅವರು, ಗಾಳಿ ಬರ್ತದೆ ಅಂತ. ಆದ್ರೆ ನನ್ನ ಕೆಲಸ ಹೋದ್ರೆ ಮನೆಯಲ್ಲಿ ನಾಲ್ಕು ಜನ ಎಂತ ಮಾಡುದು? ನಾನು ಇಲ್ಲಿಗೆ ಬರುದೇ ಹೆದರಿಕೊಂಡು. ನನ್ನ ಹೆಸರು ಮಾತ್ರ ಬೇಡ."

"ಎಲ್ಲರೂ ಹಾಗೇ ಅಂದರೆ?"

"ಎಲ್ಲರೂ ಹಾಗೆ ಹೇಳಿಲ್ಲ ಅಲ್ವಾ? ಇಪ್ಪತ್ನಾಲ್ಕು ಜನ ಹಾಕಿದ್ದಾರೆ."

ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ಇಪ್ಪತ್ನಾಲ್ಕಕ್ಕೆ ಬೆಲೆಯಿಲ್ಲ.

ನವೆಂಬರ್ 15, ಶುಕ್ರವಾರ

ಸಭೆಗೊಂದರಂತೆ ಊರಿನವು, ದುಬೈಯದೊಂದು ಸೇರಿ ಎಂಬತ್ತೆರಡು ಮತಗಳು. ರೋಹನ್‌ನ ಅಂದಾಜಿನಲ್ಲಿ ನಲವತ್ತೊಂದು, ನಲವತ್ತೊಂದು. ನಮ್ಮದೇ ಕೊನೆಯ ಮತ.

ನಿತಾಕಾತ್‌ನ ಹೆಸರಿನಲ್ಲಿ ಹೊರದೇಶದ ಕೆಲಸಗಾರರ ತಪಾಸಣೆ ಜೋರಾಗಿರುವುದರಿಂದ ಎಲ್ಲ ರಸ್ತೆಯಲ್ಲೂ ವಾಸದ ಪರವಾನಗಿಯ ಇಕಾಮಾ ಕೇಳುತ್ತಿದ್ದಾರೆ. ಎರಡು ಶುಕ್ರವಾರ ಪ್ರಾರ್ಥನೆ ಬಿಡೋಣವೆಂದು ನೋಣಯಣ್ಣ ಹೇಳಿದರು. ಬೇಡವೆಂದೆ. ಗುಂಪು ನಡೆಯುತ್ತಿಲ್ಲವೆಂದು ಆ ಕಡೆಯವರಿಗೆ ತಿಳಿದರೆ ಮತವೇ ಹೋಗುತ್ತದೆ. ಅವರು ತಲೆ ತುರಿಸಿಕೊಂಡು ಒಪ್ಪಿದರು.

ಸಿಂಚನಾ ಎರಡು ವಾರದಿಂದ ನನ್ನ ಪಕ್ಕ ಹಾಯುವಾಗ ಬೇಗ ಬೇಗ ನಡೆಯುತ್ತಾಳೆ.

ನವೆಂಬರ್ 28

ಪಟ್ಟಿ ಕಳಿಸಿದೆ. ಇಪ್ಪತ್ತೈದು.

ಕೊನೆಯ ಹೆಸರು ಸಿಂಚನಾಳದ್ದು. ಆಸ್ಪತ್ರೆಯ ಹೆಸರನ್ನೂ ನಾನೇ ಬರೆದೆ. ಸಹಿ ಕೂಡಾ. ಯೋಚಿಸಿಯೇ ಮಾಡಿದೆ. ಇದು ಅವಳ ತಾಯಿಗೇ ಆಗುವ ಒಳ್ಳೆಯದು, ಹೆದರಿಕೆ ಇಲ್ಲದಿದ್ದರೆ ಅವಳು ತಾನಾಗಿ ಹಾಕುತ್ತಿದ್ದಳು. ಹಾಗಾಗಿ ಇದು ಸುಳ್ಳು ಸಹಿ ಎನ್ನಲಾಗದು. ಅವಳಿಗೆ ಹೇಳುವ ಅಗತ್ಯವಿಲ್ಲ.

ಡಿಸೆಂಬರ್ 9

ಕಾರ್ಯದರ್ಶಿಗಳ ಕಡೆಯವರು ತಕರಾರು ಎತ್ತಿದ್ದಾರೆ. ಸೌದಿಯಲ್ಲಿ ಅಂಥ ಗುಂಪೇ ಇಲ್ಲ, ಯಾರೋ ಕೂತು ಹೆಸರು ಬರೆದು ಕಳಿಸಿದ್ದಾರೆ ಎಂದರಂತೆ. ಇಷ್ಟು ವರ್ಷ ಜೀವ ಕೈಯಲ್ಲಿ ಹಿಡಿದು ಪ್ರಾರ್ಥಿಸಿದವರನ್ನು ಇಲ್ಲವೆನ್ನಲು ಇವರು ಯಾರು? ರೋಹನ್, "ಒಂದು ಫೋಟೋ ಸಾಕು ಮಹಾಲಿಂಗಣ್ಣ, ಕಮಿಟಿಗೆ ತೋರಿಸ್ಲಿಕ್ಕೆ" ಎಂದ.

ನೋಣಯಣ್ಣನಿಗೆ ಫೋನ್ ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ "ಫೋಟೋ ಬೇಡ" ಎಂದರು. "ಸಹಿ ಕೇಳಿದೆ, ಕೊಟ್ಟೆ. ಫೋಟೋ ಬೇಡ. ಇನ್ನು ಇದರ ಬಗ್ಗೆ ಮಾತಾಡುದು ಬೇಡ."

ಅವರಿಗೆ ವಯಸ್ಸಾಯಿತು. ಸಕ್ಕರೆ ಕಾಯಿಲೆ ಬೇರೆ. ಹಿಂಜರಿಯುತ್ತಾರೆ.

ಡಿಸೆಂಬರ್ 13, ಶುಕ್ರವಾರ

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ತೆಗೆದೆ. ಎ.ಸಿ.ಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಬೆಳಕು ಚೆನ್ನಾಗಿತ್ತು. ನಡುವೆ ನೋಣಯಣ್ಣ, ಎರಡೂ ಅಂಗೈ ಮೇಲೆ ಮಾಡಿ, ಮಗುವಿನ ಹಾಗೆ. ಬಲತುದಿಯಲ್ಲಿ ಸಿಂಚನಾ, ತಲೆ ಬಾಗಿಸಿದ್ದರಿಂದ ಅರ್ಧ ಮುಖ. ಒಟ್ಟು ಹದಿನೆಂಟು ಜನ ಸ್ಪಷ್ಟವಾಗಿ ಕಾಣುತ್ತಾರೆ. ಯಾರು ನೋಡಿದರೂ ಗುಂಪಿಲ್ಲ ಎನ್ನಲಾರರು.

ಅಲ್ಲೇ ಸ್ನಾನದ ಕೋಣೆಗೆ ಹೋಗಿ ರೋಹನ್‌ಗೆ ಕಳಿಸಿದೆ. ಹೊರಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು.

ಡಿಸೆಂಬರ್ 17

ಕಮಿಟಿಗೆ ಮಾತ್ರ ತೋರಿಸಿ ಪ್ರಯೋಜನವಿಲ್ಲ, ಅಲ್ಲಿರುವವರೆಲ್ಲ ಆ ಕಡೆಯವರು, ಫೇಸ್‌ಬುಕ್ಕಿನಲ್ಲಿ ಹಾಕಿದರೆ ಜನರೇ ನೋಡುತ್ತಾರೆ ಎಂದ ರೋಹನ್. ನಾನು ಸ್ವಲ್ಪ ಯೋಚಿಸಿದೆ. "ಎರಡೇ ದಿನ ಇಟ್ಟು ತೆಗೀತೇನೆ. ಪಟ್ಟಿಯನ್ನೂ ಹಾಕುವ. ನಿಮ್ಮ ಪತ್ರ ಇರುವ ಮೊದಲ ಪುಟ ಹಾಕುದಿಲ್ಲ, ನೀವು ನಮಗೆ ಅಲ್ಲಿ ಬೇಕಲ್ಲ" ಎಂದ. ಫೋಟೋದಲ್ಲೂ ನಾನಿಲ್ಲ, ತೆಗೆದವನು ನಾನೇ ಆದ್ದರಿಂದ. ಆಯಿತೆಂದೆ.

ಬೆಳಗ್ಗಿನಿಂದ ನಾನ್ನೂರ ಹನ್ನೆರಡು ಮಂದಿ ಮೆಚ್ಚಿದ್ದಾರೆ. "ಮರುಭೂಮಿಯಲ್ಲಿ ನಮ್ಮ ದೀಪಗಳು" ಎಂದು ಒಬ್ಬರು ಬರೆದಿದ್ದಾರೆ. ಕಾರ್ಯದರ್ಶಿಗಳ ಕಡೆಯವರ ಬಾಯಿ ಕಟ್ಟಿಹೋಯಿತು. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾ ಎರಡು ಸಲ ಹಾಡಿಕೊಂಡೆ. ತುಂಬಾ ದಿನಗಳ ಮೇಲೆ ಇಷ್ಟು ಹಗುರವೆನಿಸಿದೆ.

ಡಿಸೆಂಬರ್ 27, ಶುಕ್ರವಾರ

ನೋಣಯಣ್ಣನನ್ನು ಕರೆದುಕೊಂಡು ಹೋದರು.

ರತ್ನಕ್ಕನ ಮನವಿಪತ್ರ ತಿದ್ದುತ್ತಾ ಕುಳಿತು ನನಗೆ ಹೊರಡುವುದು ತಡವಾಗಿತ್ತು. ಬೀದಿಯ ತಿರುವಿಗೆ ಬಂದಾಗ ಹಸನ್ ಕುಂಞಿ ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದರು. ನನ್ನನ್ನು ಕಂಡವರು ಮುಖ ಬೇರೆ ಕಡೆ ತಿರುಗಿಸಿ, ಕೈಯನ್ನು ಸೊಂಟದ ಹತ್ತಿರವೇ ಆಡಿಸಿ ಹೋಗು ಎಂದರು. ಕಟ್ಟಡದ ಮುಂದೆ ಪೊಲೀಸರ ಎರಡು ಗಾಡಿಗಳಿದ್ದವು. ನಾನು ನಿಲ್ಲಲಿಲ್ಲ. ಎದುರಿನ ಔಷಧಿ ಅಂಗಡಿಗೆ ಹೋಗಿ ತಲೆನೋವಿನ ಮಾತ್ರೆ ಕೊಂಡು ಗಾಜಿನಿಂದ ನೋಡಿದೆ.

ನೋಣಯಣ್ಣನನ್ನು ಇಬ್ಬರು ನಡೆಸಿಕೊಂಡು ಬಂದರು. ಲುಂಗಿಯಲ್ಲೇ ಇದ್ದರು. ಬರಿಗಾಲು. ಒಬ್ಬರು ಚಪ್ಪಲಿ ಹಾಕಿಕೊಳ್ಳುವಂತೆ ಸನ್ನೆ ಮಾಡಿದರು, ನೋಣಯಣ್ಣನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ.

ಮೊದಲೇ ಬಂದಿದ್ದ ಐದು ಮಂದಿಯ ಇಕಾಮಾ ನಂಬರು ಬರೆದುಕೊಂಡು ಬಿಟ್ಟರಂತೆ. ಪೊಲೀಸರ ಕೈಯಲ್ಲಿದ್ದ ಫೋನಿನಲ್ಲಿ ಫೋಟೋ ಇತ್ತಂತೆ. ಅದೇ ಫೋಟೋ.

ಡಿಸೆಂಬರ್ 29

ರೋಹನ್‌ಗೆ ಹೇಳಿದೆ. ಫೋಟೋ ಇನ್ನೂ ಅಲ್ಲೇ ಇದೆ, ಎರಡು ದಿನ ಹನ್ನೆರಡು ದಿನವಾಗಿದೆ. ಅವನೂ ಗಾಬರಿಯಾದ. ಆಮೇಲೆ ಹೇಳಿದ, "ಈಗ ತೆಗೆದ್ರೆ ಸುಳ್ಳು ಅಂತ ಅವರೇ ಸಾರ್ತಾರೆ ಮಹಾಲಿಂಗಣ್ಣ. ಹನ್ನೊಂದನೇ ತಾರೀಕು ಓಟು. ಅಷ್ಟರವರೆಗೆ ಇರ್ಲಿ. ಹೇಗೂ ಆಗುದು ಆಗಿದೆ."

ಒಪ್ಪಿದೆ. ನೋಣಯಣ್ಣ ಪಟ್ಟ ಕಷ್ಟ ವ್ಯರ್ಥವಾಗಬಾರದು.

ಮನೆಯವಳ ಮೂರು ಕರೆಗಳನ್ನು ತೆಗೆದುಕೊಳ್ಳಲಾಗಲಿಲ್ಲ.

2014 ಜನವರಿ 2

ಹಸನ್ ಕುಂಞಿ ಫೋನ್ ಮಾಡಿ ಮನೆಗೆ ಬರಹೇಳಿದರು. ಹೋದರೆ ಒಳಗೆ ಅವರ ಹೆಂಡತಿ ನಬೀಸಾ ಜೊತೆಗೆ ಸಿಂಚನಾ ಕುಳಿತಿದ್ದಳು. ಪಕ್ಕದಲ್ಲಿ ಹಗ್ಗ ಕಟ್ಟಿದ ಸೂಟ್‌ಕೇಸು. ಆಸ್ಪತ್ರೆಯಲ್ಲಿ ಮೇಟ್ರನ್ ಕರೆದು ಪಟ್ಟಿಯ ಫೋಟೋ ತೋರಿಸಿದರಂತೆ. ಆಸ್ಪತ್ರೆಯ ಹೆಸರು ಅದರಲ್ಲಿರುವುದರಿಂದ ಆಡಳಿತದವರು ಕೂಡಲೇ ಕೆಲಸದಿಂದ ತೆಗೆದು, ನಾಳೆಯ ವಿಮಾನದಲ್ಲಿ ಕಳಿಸುತ್ತಿದ್ದಾರೆ. ಹಾಸ್ಟೆಲಿನಲ್ಲಿ ಒಂಟಿಯಾಗಿ ಅಳುತ್ತಿದ್ದವಳನ್ನು ನಬೀಸಾ ಮನೆಗೆ ಕರೆತಂದಿದ್ದರು.

"ಮಹಾಲಿಂಗಣ್ಣ, ನಾನು ಸಹಿ ಹಾಕಿರ್ಲಿಲ್ಲ ಅಲ್ವಾ?" ಎಂದಳು. ಬೈಯುವ ದನಿಯಲ್ಲ. ತನಗೇ ಮರೆತುಹೋಗಿದೆಯೋ ಎಂದು ಕೇಳುವ ಹಾಗೆ. "ನಾನು ಬೇಡ ಅಂತ ಹೇಳಿದ್ದೆ ಅಲ್ವಾ?"

ಊರಿನಲ್ಲಿ ಯಾರೋ ಸೇರಿಸಿರಬೇಕು ಎಂದೆ.

"ಸಹಿ ಸಹ ಉಂಟು. ನನ್ನ ಸಹಿ ಹಾಗೆ ಇಲ್ಲ. ಮೇಟ್ರನ್‌ಗೆ ತೋರಿಸಿದೆ. ಅವರು ಕೇಳ್ಲಿಲ್ಲ."

ನಬೀಸಾ ನನಗೂ ಚಹಾ ತಂದಿಟ್ಟರು. ಹಸನ್ ಕುಂಞಿ ನನ್ನ ಮುಖ ನೋಡುತ್ತಿದ್ದರು. ಅವರು ಯಾಕೆ ಹಾಗೆ ನೋಡಬೇಕು? ಇದು ನಮ್ಮ ಸಭೆಯ ವಿಷಯ. ಚಹಾ ಅರ್ಧ ಕುಡಿದು ಎದ್ದೆ.

ಹುಡುಗಿಗೆ ಇನ್ನೂ ವಯಸ್ಸಿದೆ. ಕುವೈತಿನಲ್ಲೋ ಒಮಾನಿನಲ್ಲೋ ಕೆಲಸ ಸಿಗುತ್ತದೆ. ರತ್ನಕ್ಕ ಗೆದ್ದ ಮೇಲೆ ಸಭೆಯಿಂದ ಒಂದು ಶಿಫಾರಸು ಪತ್ರ ಕೊಡಿಸಬೇಕು.

ಜನವರಿ 5

ತರ್ಹೀಲ್‌ಗೆ ಹೋಗಿದ್ದೆ, ಗಡೀಪಾರಾಗುವವರನ್ನು ಇಡುವ ಕೇಂದ್ರ. ನಾನಾಗಿ ಹೋಗುತ್ತಿರಲಿಲ್ಲ. ಹಸನ್ ಕುಂಞಿ, "ನೀವು ಬರ್ತೀರಾ, ನಾನೊಬ್ಬನೇ ಹೋಗುದಾ?" ಎಂದು ಕೇಳಿದ ರೀತಿಗೆ ಇಲ್ಲವೆನ್ನಲಾಗಲಿಲ್ಲ. ನೋಣಯಣ್ಣನ ಕಫೀಲ್, ವೀಸಾ ಕೊಟ್ಟ ಯಜಮಾನ, ನಮಗಿಂತ ಮೊದಲು ಬಂದಿದ್ದ. ಮುದುಕ. ಪಾಸ್‌ಪೋರ್ಟು, ಟಿಕೆಟು ಒಪ್ಪಿಸಿ, ಇಪ್ಪತ್ತೆರಡು ವರ್ಷ ನನ್ನ ಮನೆಯ ಉಪ್ಪು ತಿಂದವನು, ನನ್ನಿಂದ ಏನೂ ಮಾಡಲಾಗಲಿಲ್ಲ ಎಂದು ಅರಬಿಯಲ್ಲಿ ಹೇಳುತ್ತಾ ಕಣ್ಣೊರಸಿಕೊಂಡ.

ಜಾಲರಿಯ ಆಚೆ ನೋಣಯಣ್ಣ ಕುಂಟುತ್ತಾ ಬಂದರು. ಬಲಗಾಲಿನ ಬೆರಳಿಗೆ ಬಟ್ಟೆ ಸುತ್ತಿತ್ತು. ಗಾಯ ವಾಸಿಯಾಗುತ್ತಿಲ್ಲವಂತೆ. ಹಸನ್ ಕುಂಞಿ ಸಕ್ಕರೆಯ ಮಾತ್ರೆ ತಂದಿದ್ದರು. ನನಗೆ ಹೊಳೆದಿರಲಿಲ್ಲ.

"ಒಳಗೆ ತೊಂದರೆ ಎಂತ ಇಲ್ಲ" ಎಂದರು ನೋಣಯಣ್ಣ. "ನೂರಾರು ಜನ ಇದ್ದೇವೆ. ಮಲಗ್ಲಿಕ್ಕೆ ಜಾಗ ಕಮ್ಮಿ." ಆಮೇಲೆ ನನ್ನ ಕಡೆ ತಿರುಗಿದರು. "ಕಣ್ಣು ಮುಚ್ಚಿದ್ದಾಗ ತೆಗೆದದ್ದು ಅಲ್ವಾ?"

ನಾನು ಅವರ ಕಾಲಿನ ಬಟ್ಟೆಯನ್ನು ನೋಡಿದೆ.

"ಆ ಪಟ ತೆಗಿಸು ಮಹಾಲಿಂಗ. ಉಳಿದವರ ಮುಖ ಅದರಲ್ಲಿ ಉಂಟು. ಮತ್ತೆ, ನನ್ನ ಹೆಸರಲ್ಲಿ ಯಾರೂ ಓಟು ಹಾಕುದು ಬೇಡ. ಅಷ್ಟು ಮಾಡು. ನಿನ್ನ ಹತ್ರ ಬೇರೆ ಎಂತ ಕೇಳುದಿಲ್ಲ."

ಆಗಲಿ ಎಂದೆ. ಇನ್ನು ಆರೇ ದಿನ ತಾನೇ.

ಜನವರಿ 8

ರತ್ನಕ್ಕನೇ ಫೋನ್ ಮಾಡಿದರು. ನಾಲ್ಕು ತಿಂಗಳಲ್ಲಿ ನಾನು ಅವರ ದನಿ ಕೇಳಿದ್ದು ಇದೇ ಮೊದಲು. ನೋಣಯಣ್ಣನ ಬಂಧನದ ಸುದ್ದಿ ಅವರಿಗೆ ನಿನ್ನೆಯಷ್ಟೇ ಸಿಕ್ಕಿದ್ದಂತೆ. ರೋಹನ್ ಮುಚ್ಚಿಟ್ಟಿದ್ದ.

"ನನಗಾಗಿ ಒಬ್ಬರು ಜೈಲಿನಲ್ಲಿ ಇದ್ದಾರೆ ಅಂದ್ರೆ ನಾನು ನಿಲ್ಲುದು ಹೇಗೆ ಮಹಾಲಿಂಗಣ್ಣ? ಸೌದಿಯ ಮತ ಬೇಡ ಅಂತ ಕಮಿಟಿಗೆ ಬರೆದುಕೊಡ್ತೇನೆ. ಸೋತರೆ ಸೋಲ್ತೇನೆ."

ನಾಲ್ಕು ತಿಂಗಳು. ಅಬ್ಕೈಕ್, ಜಿಜಾನ್, ಒಂದೊಂದು ಮನೆಯ ಬಾಗಿಲು. ತಮ್ಮನ ಗೇಟು. ಬಾಯಿಗೆ ಬಂದದ್ದನ್ನು ಹೇಳಿದೆ, "ಮೊನ್ನೆ ನೋಣಯಣ್ಣನನ್ನು ಕಂಡೆ ರತ್ನಕ್ಕ. ನಿಮಗೊಂದು ಮಾತು ಹೇಳಿಕಳಿಸಿದ್ದಾರೆ. ಹಿಂದೆ ಸರಿಯಬೇಡಿ, ಸರಿದರೆ ನಾನು ಇಲ್ಲಿಗೆ ಬಂದದ್ದಕ್ಕೆ ಅರ್ಥವಿಲ್ಲ ಎಂದರು."

ಆ ಕಡೆ ಅವರು ಅಳುತ್ತಿದ್ದರು. "ಹಾಗೆ ಹೇಳಿದ್ರಾ?" ಎಂದರು.

"ಹಾಗೇ ಹೇಳಿದರು."

"ಹಾಗಾದರೆ ಅವರ ಮಾತಿನ ಮೇಲೆ ನಿಲ್ತೇನೆ."

ದೊಡ್ಡ ಗಂಡಾಂತರ ತಪ್ಪಿತು.

ಜನವರಿ 11, ಶನಿವಾರ

ನಲವತ್ತೆರಡು, ನಲವತ್ತೊಂದು.

ಗೆದ್ದೆವು!

ಜನವರಿ 17, ಶುಕ್ರವಾರ

ಪ್ರಾರ್ಥನೆಗೆ ಎಲ್ಲಿ ಸೇರುವುದೆಂದು ಕೇಳಿ ಎಲ್ಲರಿಗೂ ಸಂದೇಶ ಕಳಿಸಿದ್ದೆ. ಯಾರೂ ಉತ್ತರಿಸಲಿಲ್ಲ. ಅಬ್ಕೈಕ್‌ನ ಒಬ್ಬರು ನಂಬರನ್ನೇ ಬದಲಿಸಿದ್ದಾರೆ. ಇನ್ನಿಬ್ಬರು ಫೋನಿನ ಗುಂಪಿನಿಂದ ಹೊರಗೆ ಹೋದರು. ಗೆದ್ದ ಸಂತೋಷವನ್ನು ಹಂಚಿಕೊಳ್ಳಲೂ ಈ ಜನರಿಗೆ ಆಗುವುದಿಲ್ಲ.

ಫೋಟೋವನ್ನು ರೋಹನ್ ಹದಿಮೂರಕ್ಕೆ ತೆಗೆದ. ಬೇರೆ ಎಲ್ಲೆಲ್ಲೋ ಹರಡಿಕೊಂಡಿದೆಯಂತೆ, ಅದಕ್ಕೆ ನಾವೇನು ಮಾಡಲಾಗುತ್ತದೆ?

ಒಬ್ಬನೇ ಕುಳಿತು ಹಾಡಲು ನೋಡಿದೆ. ಎರಡನೆಯ ಚರಣದ ಮಾತುಗಳು ಬರಲಿಲ್ಲ. ಯಾವಾಗಲೂ ಸಿಂಚನಾ ಎತ್ತಿಕೊಡುತ್ತಿದ್ದಳು. ಟಿ.ವಿ. ಹಾಕಿದೆ.

ಜನವರಿ 20

ಬಖಾಲಾಕ್ಕೆ ಹೋಗಿದ್ದೆ. ನೋಣಯಣ್ಣ ನಿನ್ನೆ ಮಂಗಳೂರಿನಲ್ಲಿ ಇಳಿದರೆಂದು ಹಸನ್ ಕುಂಞಿ ಹೇಳಿದರು. ವಿಮಾನ ನಿಲ್ದಾಣದಿಂದಲೇ ಆಸ್ಪತ್ರೆಗೆ ಕರೆದೊಯ್ದರಂತೆ. ಗಾಯ ಮೂಳೆಗೆ ಇಳಿದಿತ್ತು, ಎರಡು ಬೆರಳು ತೆಗೆದರು. ಅವರ ಕೋಣೆಯ ಸಾಮಾನುಗಳನ್ನು ಹಸನ್ ಕುಂಞಿಯೇ ಪೆಟ್ಟಿಗೆ ಕಟ್ಟಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಾರೆ.

"ಸಹಾಯ ಬೇಕಿತ್ತೇ?" ಎಂದೆ.

"ಬೇಡ, ಆಯ್ತು" ಎಂದರು. ಮಾರಾಯ್ರೆ ಅನ್ನಲಿಲ್ಲ. ಬೇರೆ ಗಿರಾಕಿಯ ಕಡೆ ತಿರುಗಿದರು.

ಜನವರಿ 23

ಇವತ್ತು ಕೆಲಸಕ್ಕೆ ಹೋಗಲಿಲ್ಲ. ಎಲ್ಲವನ್ನೂ ಸರಿಯಾಗಿ ಬರೆದಿಡುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ರತ್ನಕ್ಕನ ಫೋನ್ ಬಂತು. ಅಧ್ಯಕ್ಷೆಯಾದ ಮೇಲೆ ಮೊದಲ ಕರೆ, ಅಭಿನಂದನೆ ಹೇಳಲು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವರು ಬಿಡಲಿಲ್ಲ.

"ನಿನ್ನೆ ಆಸ್ಪತ್ರೆಯಲ್ಲಿ ನೋಣಯಣ್ಣನ ಹತ್ರ ಕೂತಿದ್ದೆ" ಎಂದರು. "ನಿಮ್ಮ ಮಾತಿನ ಮೇಲೆ ನಿಂತೆ ನೋಣಯಣ್ಣ ಅಂತ ಕೈ ಹಿಡಿದುಕೊಂಡೆ. ಅವರಿಗೆ ಗೊತ್ತೇ ಇಲ್ಲ. ಯಾವ ಮಾತು ಅಂತ ನನ್ನನ್ನೇ ಕೇಳಿದ್ರು."

ನಾನು ಏನೋ ಹೇಳಲು ಹೋದೆ. ಅವರಿಗೆ ಜ್ವರವಿರಬೇಕು, ಮರೆತಿರಬೇಕು ಎಂದೇನೋ.

"ಅವರಿಗೆ ಜ್ವರ ಇಲ್ಲ. ಸಿಂಚನಾ ಸಹ ಬಂದಿದ್ಲು ತಾಯಿಯನ್ನು ಕರ್ಕೊಂಡು. ಒಂದು ಕಾಗದದಲ್ಲಿ ತನ್ನ ಸಹಿ ಹಾಕಿ ತೋರಿಸಿದ್ಲು. ಎಂಥ ಪಾಪದ ಹುಡುಗಿ ಅದು." ಅವರ ದನಿ ಏರಲಿಲ್ಲ. ಬೈದಿದ್ದರೆ ನನಗೆ ಉತ್ತರಿಸಲು ಬರುತ್ತಿತ್ತು. "ನಿಮ್ಮ ತಮ್ಮನ ದಿನ ನಾನು ನಿಂತದ್ದು ಎಂತಕ್ಕೆ ಅಂತ ನಿಮಗೆ ಗೊತ್ತುಂಟು ಅಂದ್ಕೊಂಡಿದ್ದೆ ಮಹಾಲಿಂಗಣ್ಣ. ಅವನ ಹತ್ರ ಕೇಳದೆ ಅವನ ವಿಷಯ ಎಲ್ಲರೂ ತೀರ್ಮಾನ ಮಾಡಿಯಾಗಿತ್ತು. ಅದಕ್ಕೆ ನಿಂತದ್ದು."

ಬರುವ ಭಾನುವಾರ ಎಲ್ಲ ಸಭೆಗಳಲ್ಲಿ ಓದಲು ಒಂದು ಪತ್ರ ಬರೆದಿದ್ದಾರಂತೆ. ಪಟ್ಟಿ, ಸುಳ್ಳು ಸಹಿ, ಕದ್ದು ತೆಗೆದ ಫೋಟೋ, ಹೇಳದ ಮಾತು, ಆದದ್ದೆಲ್ಲ ಅದರಲ್ಲಿದೆ. ಸೌದಿಯ ಮತವನ್ನು ತೆಗೆದುಹಾಕಿ, ಮತ್ತೊಮ್ಮೆ ಚುನಾವಣೆ ನಡೆಸಿ ಎಂದು ಅವರೇ ಕೇಳುತ್ತಾರೆ. ಹಾಗೆ ಮಾಡಿದರೆ ಖಂಡಿತ ಸೋಲುತ್ತಾರೆ. ನಾಲ್ಕು ತಿಂಗಳ ಕೆಲಸವನ್ನು ಒಂದು ಪತ್ರದಲ್ಲಿ ಮಣ್ಣು ಮಾಡುತ್ತಾರೆ. ಸಿಂಚನಾಳ ತಾಯಿಯಂಥವರ ಗತಿ ಏನು ಎಂದು ಕೇಳಿದೆ.

"ಅವರಿಗಾಗಿ ಮತ್ತೆ ಮನೆಮನೆಗೆ ಹೋಗ್ತೇನೆ. ಸೋತರೂ ಹೋಗ್ತೇನೆ."

ಆಗ ನನಗೆ ಬೇರೆಯೇ ಹೊಳೆಯಿತು. ಊರಿನಲ್ಲಿ ಎಂಬತ್ತೊಂದು ಸಭೆಗಳು. ಪ್ರತಿಯೊಂದರಲ್ಲೂ ಫೋನ್ ಹಿಡಿದವರಿದ್ದಾರೆ. ಒಬ್ಬ ಆ ಪತ್ರವನ್ನು ಫೇಸ್‌ಬುಕ್ಕಿನಲ್ಲಿ ಹಾಕಿದರೆ ಸಾಕು, ಸಂಜೆಯೊಳಗೆ ಇಲ್ಲಿಗೆ ಮುಟ್ಟುತ್ತದೆ. ನನ್ನ ಕಂಪನಿಗೆ, ನನ್ನ ಕಫೀಲ್‌ನ ಕೈಗೆ. ಗೋಡೆ ಹಿಡಿದು ನೆಲದಲ್ಲಿ ಕುಳಿತೆ.

"ರತ್ನಕ್ಕ, ನನ್ನ ಹೆಸರು ಅದರಲ್ಲಿ ಇದೆಯಾ?"

ಅವರು ಉತ್ತರಿಸುವ ಮೊದಲೇ ಮತ್ತೆ ಹೇಳಿದೆ.

"ನನ್ನ ಹೆಸರು ಬೇಡ ರತ್ನಕ್ಕ. ದಯವಿಟ್ಟು. ನಾನಿನ್ನೂ ಇಲ್ಲಿದ್ದೇನೆ. ಮಗಳ ಕಾಲೇಜು ಇದೆ. ನನ್ನ ಕೆಲಸ ಹೋದರೆ ಮನೆಯಲ್ಲಿ ದುಡಿಯುವವರು ಯಾರೂ ಇಲ್ಲ. ನೀವು ಏನು ಬೇಕಾದರೂ ಓದಿ, ನನ್ನ ಹೆಸರು ಮಾತ್ರ ಬೇಡ."

ಎಷ್ಟು ಹೊತ್ತು ಹಾಗೆ ಬೇಡಿಕೊಂಡೆನೋ ತಿಳಿಯದು. ಅತ್ತೆನೆಂದು ಕಾಣುತ್ತದೆ. ಆ ಕಡೆ ಕಾಗದ ಮಡಚುವ ಸದ್ದು ಕೇಳಿತು.

"ಹಾಕುದಿಲ್ಲ" ಎಂದರು ರತ್ನಕ್ಕ. "ನಿಮ್ಮ ಹತ್ರ ಕೇಳದೆ ನಿಮ್ಮ ಹೆಸರು ನಾನು ಎಲ್ಲಿಯೂ ಹಾಕುದಿಲ್ಲ."

ನಂಬಿಕೆ ಸಾಲದೆ ಪತ್ರವನ್ನು ಓದಲು ಹೇಳಿದೆ. ಪೂರ್ತಿ ಓದಿದರು. ನಾನಿರುವ ಕಡೆಗಳಲ್ಲೆಲ್ಲ "ಒಬ್ಬ ಸದಸ್ಯರು" ಎಂದಿತ್ತು. ಇನ್ನೊಮ್ಮೆ ಓದಲು ಹೇಳಿದೆ. ಇನ್ನೊಮ್ಮೆಯೂ ಓದಿದರು, ಅವಸರ ಮಾಡದೆ, ಪ್ರತಿ ಸಾಲನ್ನೂ. ಎಲ್ಲಿಯೂ ಇರಲಿಲ್ಲ.

ಮನಸ್ಸಿಗೆ ಸಮಾಧಾನವಾಯಿತು. ಎರಡು ವಾರದ ಮೇಲೆ ಇವತ್ತು ಹೊಟ್ಟೆ ತುಂಬಾ ಊಟ ಮಾಡಿದೆ.